ಮಂಡಿಯವರು ಏನಂತಾರೆ?

ನಮ್ಮ ಬೀದಿಗೆ ಮಳೆ ಬರುತ್ತಿದ್ದುದು ಮೋಡದಿಂದಲ್ಲ, ಒಂದು ಮಂಡಿಯಿಂದ. ಮಳೆ ಮೊದಲು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಮಾಮನ ಬಲಗಾಲಿನ ಮಂಡಿಗೆ ಬಂದು, ಅಲ್ಲಿ ಅಪ್ಪಣೆ ಪಡೆದು, ಆಮೇಲೆ ನಮ್ಮ ಮನೆಗಳ ಮೇಲೆ ಸುರಿಯುತ್ತದೆ ಎಂದು ನಾವೆಲ್ಲ ಹನ್ನೊಂದು ವರ್ಷ ನಂಬಿದ್ದೆವು. ಹಿಂದಿನ ಋಷಿಗಳು ಮಳೆಗಾಗಿ ಒಂಟಿ ಕಾಲಿನಲ್ಲಿ ನಿಂತು ತಪಸ್ಸು ಮಾಡುತ್ತಿದ್ದರಂತೆ. ನಮ್ಮ ಮಾಮನೂ ದಿನಕ್ಕೆ ಹತ್ತು ಗಂಟೆ ಒಂಟಿ ಕಾಲಿನಲ್ಲೇ ನಿಲ್ಲುತ್ತಿದ್ದ, ಇನ್ನೊಂದನ್ನು ಊರಲು ಆಗುತ್ತಿರಲಿಲ್ಲವಾದ್ದರಿಂದ. ಋಷಿಗಳ ಕೈಯಲ್ಲಿ ಜಪಮಾಲೆ, ಇವನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಋಷಿಗಳ ಸುತ್ತ ಹುತ್ತ, ಇವನ ಸುತ್ತ ಆಸ್ಪತ್ರೆಯ ಹಾಸಿಗೆ ಹೊದಿಕೆಗಳ ಗುಡ್ಡೆ. ಇಷ್ಟೇ ವ್ಯತ್ಯಾಸ.

ಈ ದಿವ್ಯಶಕ್ತಿ ಅವನಿಗೆ ಪ್ರಾಪ್ತವಾದ ಬಗೆಯನ್ನೂ ಹೇಳಬೇಕು. ಲಾಂಡ್ರಿ ಮೂರು ಅಂತಸ್ತಿನ ಇಕ್ಕಟ್ಟಾದ ಕಟ್ಟಡ. ಕೆಳಗೆ ಇಸ್ತ್ರಿ, ನಡುವೆ ಒಗೆಯುವುದು, ತಾರಸಿಯ ಮೇಲೆ ಒಣಹಾಕುವುದು. ಮಾಮ ಆಗ ಒದ್ದೆ ಬಟ್ಟೆಯ ಗಂಟುಗಳನ್ನು ಹೆಗಲ ಮೇಲೆ ಹೊತ್ತು ತಾರಸಿಗೆ ಸಾಗಿಸುವವನು. ಒಂದು ದಿನ ಸೋಪಿನ ನೀರು ಚೆಲ್ಲಿದ್ದ ಮೆಟ್ಟಿಲಿನಲ್ಲಿ ಗಂಟಿನ ಸಮೇತ ಜಾರಿ, ಹದಿನಾಲ್ಕು ಮೆಟ್ಟಿಲುಗಳನ್ನು ಒಂದೇ ಹೆಜ್ಜೆಯಲ್ಲಿ ಇಳಿದ. ಲಾಂಡ್ರಿಯ ಯಜಮಾನಿ ಓಡಿ ಬಂದು, ಗಂಟು ಬಿಚ್ಚಿ ನೋಡಿ, "ಸದ್ಯ, ಹೊದಿಕೆಗೆ ಏನೂ ಆಗಿಲ್ಲ" ಎಂದಳು. ಮಂಡಿಗೆ ಆಗಿತ್ತು. "ಇನ್ನು ಮೇಲೆ ನೀನು ಮೆಟ್ಟಿಲು ಹತ್ತೋದು ಬೇಡ ಕಣಯ್ಯಾ, ಆರಾಮಾಗಿ ಇಸ್ತ್ರಿ ಹಾಕ್ಕೊಂಡಿರು" ಎಂದು ಅವಳು ಕರುಣೆ ತೋರಿದಳು. ಇಸ್ತ್ರಿ ಮೇಜು ನಿಂತು ಕೆಲಸ ಮಾಡುವವರ ಎತ್ತರದ್ದು ಎಂಬುದು ಕರುಣೆಯ ಲೆಕ್ಕದಲ್ಲಿ ಬರುವುದಿಲ್ಲ.

ಬಿದ್ದ ಒಂದು ತಿಂಗಳಿಗೆ ಮೊದಲ ಭವಿಷ್ಯವಾಣಿ ಹೊರಬಿತ್ತು. ಬೆಳಗ್ಗೆ ಮೋಡ ಕವಿದಿತ್ತು. ಆಸ್ಪತ್ರೆಯ ಮುನ್ನೂರು ಹೊದಿಕೆಗಳನ್ನು ತಾರಸಿಯಲ್ಲಿ ಹರವಬೇಕೋ ಬೇಡವೋ ಎಂದು ಯಜಮಾನಿ ಕಿಟಕಿಯಲ್ಲಿ ತಲೆ ತೂರಿಸಿ ನೋಡುತ್ತಿದ್ದಳು. ಪಕ್ಕದಲ್ಲಿ ಮಾಮ ಮಂಡಿ ಹಿಡಿದುಕೊಂಡು ನಿಂತಿದ್ದ.

"ಏನಯ್ಯಾ, ನೋಯ್ತಿದ್ಯಾ?"

"ನೋಯ್ತಿದೆ ಅಮ್ಮಾವ್ರೇ."

ಏಟು ತಿಂದ ಮೂಳೆಗೆ ಮಳೆ ಮೊದಲೇ ಗೊತ್ತಾಗುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಹೊದಿಕೆಗಳು ಒಳಗೇ ಉಳಿದವು. ಅರ್ಧ ಗಂಟೆಯಲ್ಲಿ ಮಳೆ ಹುಯ್ಯಿತು. ಎದುರು ಬೀದಿಯ ಲಾಂಡ್ರಿಯವನ ತಾರಸಿಯಲ್ಲಿ ಬಟ್ಟೆಯೆಲ್ಲ ತೊಪ್ಪೆಯಾಗಿ, ಅವನು ಬಕೆಟ್ಟು ತಲೆಯ ಮೇಲೆ ಬೋರಲು ಹಾಕಿಕೊಂಡು ಕುಣಿಯುವುದನ್ನು ಯಜಮಾನಿ ಕಣ್ತುಂಬ ನೋಡಿದಳು. ಅಂದಿನಿಂದ ಮಾಮ ಮಂಡಿ ಮಾಮನಾದ.

ಮೋಡ ಕಂಡರೆ ಸಾಕು, ಬೀದಿಯವರೆಲ್ಲ ಲಾಂಡ್ರಿಯ ಕಿಟಕಿಯ ಮುಂದೆ ನಿಂತು ಕೂಗುತ್ತಿದ್ದೆವು: "ಮಂಡಿಯವರು ಏನಂತಾರೆ?" ಮಾಮನಿಗೆ ಏಕವಚನ, ಮಂಡಿಗೆ ಬಹುವಚನ. ಅವನು ಒಳಗಿನಿಂದ "ನೋಯ್ತಿದೆ" ಎನ್ನುತ್ತಿದ್ದ. ನಾವು ಕೊಡೆ ತರಲು ಹೋಗುತ್ತಿದ್ದೆವು. ಮಳೆ ಬಂದರೆ ಮಂಡಿಗೆ ಜಯಕಾರ. ಬಾರದಿದ್ದರೆ ಪಕ್ಕದ ಬಡಾವಣೆಯಲ್ಲಿ ಬಿದ್ದಿರಬೇಕು ಎಂದುಕೊಳ್ಳುತ್ತಿದ್ದೆವು. ಪಕ್ಕದ ಬಡಾವಣೆಗೆ ಹೋಗಿ ನೋಡಿ ಬಂದವರಿಲ್ಲ. ಫೋನಿನಲ್ಲಿ ಹವಾಮಾನ ನೋಡುವ ಕಾಲ ಬಂದರೂ ನಾವು ಅಲ್ಲಾಡಲಿಲ್ಲ. ಫೋನು ಮಳೆಯ ಸಂಭವ ಶೇಕಡಾ ನಲವತ್ತು ಎನ್ನುತ್ತದೆ. ಶೇಕಡಾ ನಲವತ್ತು ನೆನೆದವನನ್ನು ಯಾರಾದರೂ ಕಂಡಿದ್ದಾರೆಯೇ?

ಇಷ್ಟು ವರ್ಷಗಳಲ್ಲಿ ಮಾಮ ಒಂದು ಸಲವೂ "ಮಳೆ ಬರುತ್ತೆ" ಎಂದವನಲ್ಲ. ಅದು ಮಹಾಪುರುಷರ ಮಿತಭಾಷೆ ಎಂದು ನಾವು ಕೊಂಡಾಡಿದೆವು.

ಶಕ್ತಿಯನ್ನು ಕಾಪಾಡುವ ಹೊಣೆಯೂ ನಮ್ಮದೇ ಆಗಿತ್ತಲ್ಲ. ಮಾಮ ಒಮ್ಮೆ ಇಸ್ತ್ರಿ ಮೇಜಿನ ಪಕ್ಕಕ್ಕೆ ಎತ್ತರದ ಸ್ಟೂಲು ಕೇಳಿದ. "ಕೂತರೆ ಮಂಡಿ ನಿದ್ದೆ ಹೋಗತ್ತೆ ಕಣಯ್ಯಾ" ಎಂದು ಯಜಮಾನಿ ಕೊಡಲಿಲ್ಲ. ಮನೆಯಲ್ಲಿ ಅವನ ಅಕ್ಕ ಇನ್ನೂ ಜಾಗರೂಕಳು. ಮಾಮನಿಗೆ ಮದುವೆಯಿಲ್ಲ, ಅಕ್ಕನ ಮನೆಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಅವನ ವಾಸ. ಮೆಟ್ಟಿಲಿನ ಕೆಳಗೇ ಮಲಗಿ ಏಳುತ್ತಿದ್ದರೂ ಮಹಡಿ ನೋಡಿ ಆರು ವರ್ಷವಾಗಿತ್ತು. ಡಾಕ್ಟರು ಕೊಟ್ಟ ನೋವಿನೆಣ್ಣೆಯನ್ನು ಅಕ್ಕ ಎತ್ತಿಟ್ಟುಬಿಟ್ಟಿದ್ದಳು. "ಎಣ್ಣೆ ಹಚ್ಚಿದ್ರೆ ಅದಕ್ಕೆ ಏನೂ ತಿಳಿಯಲ್ಲ ಕಣೋ. ಹೋದ್ಸಲ ನೀನು ಹಚ್ಕೊಂಡು ಮಲಗಿದ್ದೆ, ನನ್ನ ಮೆಣಸಿನಕಾಯಿ ಎಲ್ಲ ನೆಂದು ಹೋಯ್ತು." ಮಾಮ ಆ ರಾತ್ರಿ ಒಂದಿಷ್ಟು ನಿದ್ದೆ ಮಾಡಿದ್ದು ಮೆಣಸಿನಕಾಯಿಯ ಪಾಲಿಗೆ ದ್ರೋಹವಾಗಿತ್ತು.

ಇನ್ನು ಭಾವ. ಅಕ್ಕನ ಗಂಡ. ಮೂವತ್ತೈದು ವರ್ಷ ಅಳತೆ-ತೂಕದ ಇಲಾಖೆಯಲ್ಲಿ ಪರೀಕ್ಷಕನಾಗಿದ್ದು ಈಚೆಗೆ ನಿವೃತ್ತನಾದವನು. ಅವನು ಅಂಗಡಿಯೊಳಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನಡುಗುತ್ತಿದ್ದವಂತೆ. ಇದು ಅವನೇ ಹೇಳಿದ್ದು. ಅವನ ಮೊದಲ ಆಜ್ಞೆ ಯಾವಾಗಲೂ ಒಂದೇ: "ತಟ್ಟೆ ಖಾಲಿ ಮಾಡು." ತಟ್ಟೆಯ ಮೇಲೆ ಏನೂ ಇಲ್ಲದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ಆಚೆ ನಿಂತರೂ ತಕ್ಕಡಿ ಜಪ್ತಿ. "ತೂಕ ಹಾಕಿ ನೋಡೋದು ಆಮೇಲೆ. ಮೊದಲು ಸೊನ್ನೆ ನೋಡು. ಇಡೀ ಇಲಾಖೆ ನಿಂತಿರೋದು ಸೊನ್ನೆ ಮೇಲೆ" ಎನ್ನುತ್ತಿದ್ದ. ಇಲಾಖೆಯ ಬಗ್ಗೆ ನಮಗೂ ಅದೇ ಅಭಿಪ್ರಾಯವಿತ್ತು.

ನಿವೃತ್ತನಾದ ಭಾವನಿಗೆ ಪರೀಕ್ಷಿಸಲು ತಕ್ಕಡಿಗಳಿಲ್ಲದೆ ಕೈ ಕಡಿಯತೊಡಗಿತು. ಕಡಿತ ಕೊನೆಗೆ ತೀರ್ಥಯಾತ್ರೆಯಾಗಿ ಎದ್ದಿತು. ಕಾಶಿ, ಪ್ರಯಾಗ, ಅಯೋಧ್ಯೆ, ಹರಿದ್ವಾರ. ಅದೂ ಮಳೆಗಾಲದಲ್ಲಿ.

"ಮಳೆಗಾಲದಲ್ಲಾ?" ಎಂದು ಕನ್ನಡಕದಂಗಡಿಯವನು ಕನ್ನಡಕ ತೆಗೆದು ಕೇಳಿದ.

"ಹೌದು ಸ್ವಾಮಿ. ಜನ ಕಡಿಮೆ. ಕೋಣೆ ಸಲೀಸಾಗಿ ಸಿಗತ್ತೆ. ಗಂಗೆ ದಡ ತುಂಬಿ ಹರೀತಿರ್ತಾಳೆ. ಬೇಸಿಗೇಲಿ ಹೋಗಿ ಯಾರೋ ಉಳಿಸಿದ ನೀರಲ್ಲಿ ಮುಳುಗ್ತೀರಾ?"

"ನೆಂದುಹೋಗ್ತೀವಲ್ರೀ."

ಭಾವ ನಕ್ಕ. ಮೂವತ್ತೈದು ವರ್ಷ ಅಂಗಡಿಯವರನ್ನು ನಡುಗಿಸಿದ ಆ ನಗೆಯೊಂದಿಗೆ ಮೆಟ್ಟಿಲಿನ ಕೆಳಗಿನ ಕೋಣೆಯ ಕಡೆಗೆ ಬೆರಳು ತೋರಿಸಿದ. "ಮಂಡಿ ಇದೆಯಲ್ಲ."

ನಾವು ಬೆರಗಾದೆವು. ಎಷ್ಟು ಸರಳ! ಬೆಳಗ್ಗೆ ಮಂಡಿಯನ್ನು ಕೇಳುವುದು. ನೋವಿಲ್ಲ ಎಂದರೆ ಸ್ನಾನಕ್ಕೆ, ದರ್ಶನಕ್ಕೆ ಹೊರಡುವುದು. ನೋವಿದೆ ಎಂದರೆ ಕೋಣೆಯಲ್ಲೇ ಕೂತು ಇಸ್ಪೀಟು. ಮಳೆಗಾಲದ ನಡುಮಧ್ಯದಲ್ಲಿ ಒಂದು ಹನಿಯೂ ತಾಗದೆ ನಾಲ್ಕು ಪುಣ್ಯಕ್ಷೇತ್ರ ಮುಗಿಸಿ ಬರುವ ಸೌಭಾಗ್ಯ ಭೂಮಿಯ ಮೇಲೆ ಇನ್ನಾವ ಬೀದಿಗಿತ್ತು? ಎಂಟು ಜನ ಅಲ್ಲೇ ಸಿದ್ಧರಾದೆವು. ಭಾವ ದೊಡ್ಡ ಹಾಳೆಯ ಮೇಲೆ ಯಾತ್ರೆಯ ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದ. ಒಂದೊಂದು ಊರಿನ ಎದುರಿಗೂ "ನಾಲ್ಕು ದಿನ, ಮಂಡಿ ನೋಡಿಕೊಂಡು ಐದು" ಎಂದಿತ್ತು. ಕೆಳಗೆ ಪ್ರಯಾಣಿಕರ ಹೆಸರು. ಮಾಮ ಎರಡು ಸಲ ಓದಿದ. ಪ್ರಯಾಣಿಕರಲ್ಲಿ ಅವನಿರಲಿಲ್ಲ. ಸಾಮಾನುಗಳ ಪಟ್ಟಿಯಲ್ಲಿ, ಟಾರ್ಚು ಎರಡು, ಹಗ್ಗ ಒಂದು ಎಂಬುದರ ಕೆಳಗೆ, "ಮಂಡಿ ಒಂದು" ಎಂದಿತ್ತು.

ಆದರೂ ಅವನು ಹಿಗ್ಗಿದ. ಅವನನ್ನು ಯಾರಾದರೂ ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಮರುದಿನ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತ ಕನ್ನಡಕದವನನ್ನು ಕೇಳಿದ: "ಗಂಗೆಗಿಳಿಯೋ ಮೆಟ್ಟಿಲು ಎಷ್ಟಿರುತ್ತೆ?"

"ಎಣಿಸೋಕಾಗಲ್ವಂತೆ ಮಾಮ."

ಸಂಜೆ ಅದೇ ಪ್ರಶ್ನೆ ಭಾವನ ಮುಂದೆ ಬಂತು. ಭಾವ ಪಟ್ಟಿಯಿಂದ ತಲೆ ಎತ್ತಲಿಲ್ಲ. "ನಿಂಗ್ಯಾಕೋ ಮೆಟ್ಟಿಲು? ನೀನು ಕೋಣೇಲಿ ಕೂತು ಮಂಡಿ ನೋಡ್ಕೊಂಡಿರು. ನಿನ್ನ ಪಾಲಿನ ಮುಳುಗು ನಾನೇ ಮುಳುಗ್ತೀನಿ."

"ತಂಬಿಗೇಲಿ ನೀರು ತಂದ್ಕೊಡ್ತೀನಿ ಕಣೋ" ಎಂದಳು ಅಕ್ಕ. "ಆದ್ರೆ ಮಂಡಿ ಮೇಲೆ ಹುಯ್ಕೋಬೇಡ. ವಾಸಿಗೀಸಿ ಆಗ್ಬಿಟ್ರೆ ಆಮೇಲಿನ ಊರುಗಳ ಗತಿ?"

ಎಲ್ಲರೂ ನಕ್ಕೆವು. ಮಾಮನೂ ನಕ್ಕ, ಆದರೆ ಸ್ವಲ್ಪ ತಡವಾಗಿ.

ಹೀಗೆ ಎಲ್ಲವೂ ಸಾಂಗವಾಗಿ ನಡೆಯುತ್ತಿರುವಾಗ ದೊಡ್ಡಾಸ್ಪತ್ರೆಯಿಂದ ಒಂದು ಕಾಗದ ಬಂತು.

ಮಾಮ ಎರಡು ವರ್ಷದ ಹಿಂದೆ ಆ ಆಸ್ಪತ್ರೆಯ ಸಾಲಿನಲ್ಲಿ ಹೆಸರು ಬರೆಸಿ ಬಂದಿದ್ದ. ಮಂಡಿಯ ಆಪರೇಷನ್ನು. ಸವೆದ ಕೀಲು ತೆಗೆದು ಹೊಸದು ಕೂರಿಸುವುದು. ಈಗ ಅವನ ಸರದಿ ಬಂದಿತ್ತು: ಬರುವ ತಿಂಗಳ ನಾಲ್ಕನೇ ಮಂಗಳವಾರ. ಸರದಿ ತಪ್ಪಿಸಿದವರ ಹೆಸರು ಸಾಲಿನ ಕೊನೆಗೆ ಹೋಗುತ್ತದೆ ಎಂದು ಕೆಳಗೆ ಬರೆದಿತ್ತು. ಡಾಕ್ಟರು ಬಾಯಲ್ಲೇ ಇನ್ನೊಂದು ಮಾತು ಹೇಳಿದ್ದರು. ಇನ್ನೂ ತಡವಾದರೆ ಕಾಲು ಮಡಚುವುದೇ ನಿಂತುಹೋದೀತು. ಆಮೇಲೆ ಹೊಸ ಕೀಲು ಹಾಕಿಯೂ ಫಲವಿಲ್ಲ.

ಮಾಮ ಆ ಕಾಗದವನ್ನು ಇಸ್ತ್ರಿ ಮೇಜಿನ ಕಂಬಳಿಯ ಮೇಲೆ ಹರವಿ, ಮೇಲೆ ತೆಳು ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿದ. ಮಡಿಕೆಗಳೆಲ್ಲ ಮಾಯವಾಗಿ ಕಾಗದ ಹೊಸ ನೋಟಿನಂತಾಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಂಟುತ್ತ ಮನೆಗೆ ಬಂದು ಅಕ್ಕನ ಮುಂದಿಟ್ಟ.

"ಮಂಗಳವಾರ ಅಕ್ಕ."

ಭಾವ ಬಾಗಿಲಿನ ಪಟ್ಟಿ ನೋಡಿದ. ಯಾತ್ರೆ ಹೊರಡುವುದು ಅದರ ಹಿಂದಿನ ದಿನ, ಸೋಮವಾರ.

ಆ ಸಂಜೆ ಎಂಟೂ ಜನ ಸೇರಿದೆವು. ಇತಿಹಾಸದಲ್ಲಿ ಒಂದು ಮಂಡಿಯ ಸಲುವಾಗಿ ಇಷ್ಟು ಗಂಭೀರವಾದ ಸಭೆ ಹಿಂದೆ ನಡೆದದ್ದಿಲ್ಲ. ಮಾಮನನ್ನು ನಡುವೆ ಕೂರಿಸಿದ್ದೆವು. ಮೊದಲು ಮಾತಾಡಿದವಳು ಶಾಲೆಯ ಡ್ರಿಲ್ ಮೇಡಂ, ನಮ್ಮ ಗುಂಪಿನ ಅತ್ಯಂತ ಗಟ್ಟಿ ಮಂಡಿಗಳ ಒಡತಿ.

"ಎರಡು ವರ್ಷ ಕಾದಿದ್ದೀಯಲ್ಲ ಮಾಮ. ಇನ್ನೆರಡು ವರ್ಷ ಕಾಯೋಕೇನು? ಹೊಸಬರಿಗಾದ್ರೆ ಕಷ್ಟ. ನಿಂಗೆ ಅಭ್ಯಾಸ ಆಗಿದೆ."

"ಡಾಕ್ಟರು ಹೇಳಿದ್ರು, ತಡ ಮಾಡಿದ್ರೆ…"

"ಡಾಕ್ಟರು ಕಾಶಿಗೆ ಹೋಗಿದಾರಾ?" ಎಂದ ಕನ್ನಡಕದವನು. ಈ ಪ್ರಶ್ನೆಗೂ ಮಂಡಿಗೂ ಏನು ಸಂಬಂಧವೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಎಲ್ಲರೂ ತಲೆದೂಗಿದೆವು.

ಭಾವ ಎದ್ದು ನಿಂತ. "ನೋಡಪ್ಪಾ. ಈಗ ನಿನ್ನ ಹತ್ರ ಇರೋದು ಒಂದು ಯಂತ್ರ. ಜಗತ್ತಲ್ಲಿ ಎರಡನೇದಿಲ್ಲ. ಆಪರೇಷನ್ ಆದ್ಮೇಲೆ ಏನು ಉಳಿಯತ್ತೆ? ಬರೀ ಮಂಡಿ. ಅದು ಎಲ್ಲರ ಹತ್ರಾನೂ ಇದೆ. ನನ್ನ ಹತ್ರಾನೇ ಎರಡಿದೆ."

"ನಂಗೆ ಮೆಟ್ಟಿಲು ಹತ್ತಬೇಕಿತ್ತು ಭಾವ" ಎಂದ ಮಾಮ. "ಇಳೀಲೂಬೇಕಿತ್ತು. ಗಂಗೆಗೆ. ಒಂದ್ಸಲ."

ಅಕ್ಕ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅಕ್ಕ ಕಣ್ಣೊರೆಸಿಕೊಂಡಳೆಂದರೆ ಎದುರಿಗಿದ್ದವನಿಗೆ ಕೇಡುಗಾಲ ಬಂತೆಂದೇ ಅರ್ಥ.

"ಇಷ್ಟು ವರ್ಷ ಮನೇಲಿ ಇಟ್ಕೊಂಡಿದ್ದೀನಿ. ಒಂದು ದಿನ ಏನಾದ್ರೂ ಕೇಳಿದ್ದೀನಾ? ಇದೊಂದು ಆಸೆ ನಂದು. ತುಂಬಿದ ಗಂಗೇಲಿ ಒಂದು ಮುಳುಗು. ನೆಂದುಕೊಂಡು ಜ್ವರ ಬಂದು ಅಲ್ಲೇ ಸತ್ರೆ ನಿಂಗೆ ಸಮಾಧಾನಾನಾ?"

ನೆನೆಯಬಾರದೆಂದು ಹೇಳಿ ನದಿಯಲ್ಲಿ ಮುಳುಗಲು ಹೊರಟವಳ ಈ ವಾದದಲ್ಲಿ ದೋಷ ಹುಡುಕುವ ಕಟುಕರು ನಮ್ಮಲ್ಲಿ ಯಾರೂ ಇರಲಿಲ್ಲ. ಮಾಮ ಕಾಗದವನ್ನು ನೋಡಿದ. ಅಕ್ಕನನ್ನು ನೋಡಿದ. "ಆಗಲಿ ಅಕ್ಕ" ಎಂದ.

ಅವನು ಮನಸ್ಸು ಬದಲಿಸುವ ಮೊದಲು ಭಾವ ಅಲ್ಲೇ ಆಸ್ಪತ್ರೆಗೆ ಫೋನು ಮಾಡಿದ. ಮಾಮನ ದನಿಯಲ್ಲಿ ತಾನೇ ಮಾತಾಡಿದ. ನಮಗೆಲ್ಲ ಕೇಳಲೆಂದು ಫೋನಿನ ಸ್ಪೀಕರು ಹಾಕಿದ್ದ.

"ಸರದಿ ಬಿಡ್ತಾ ಇದ್ದೀರಾ? ಯೋಚನೆ ಮಾಡಿದ್ದೀರಾ?" ಎಂದಳು ಆ ಕಡೆಯ ನರ್ಸು. "ನೋವು ಹೇಗಿದೆ ಈಗ?"

"ತುಂಬಾ ಚೆನ್ನಾಗಿದೆ ಸಿಸ್ಟರ್! ಹೀಗೇ ಇದ್ರೆ ಸಾಕು."

"ಸರಿ. ಮುಂದಿನವರಿಗೆ ಕೊಡ್ತೀನಿ."

ನಾವು ಚಪ್ಪಾಳೆ ತಟ್ಟಿದೆವು. ಮಾಮ ಕಾಗದವನ್ನು ಮೊದಲಿನ ಮಡಿಕೆಗಳಿದ್ದ ಜಾಗದಲ್ಲೇ ಮಡಿಸಲು ನೋಡಿದ. ಇಸ್ತ್ರಿ ಅಷ್ಟು ಚೆನ್ನಾಗಿ ಆಗಿತ್ತು, ಮಡಿಕೆಗಳು ಸಿಗಲಿಲ್ಲ.

ಇನ್ನು ಹೊರಡುವುದೊಂದೇ ಬಾಕಿ. ಆದರೆ ಭಾವನ ಹುಟ್ಟುಗುಣ ಸುಮ್ಮನಿರಲು ಬಿಡಲಿಲ್ಲ. ಮೂವತ್ತೈದು ವರ್ಷದಲ್ಲಿ ಪರೀಕ್ಷಿಸದ ಯಾವ ಉಪಕರಣಕ್ಕೂ ಅವನು ಮುದ್ರೆ ಒತ್ತಿದವನಲ್ಲ. ಮಂಡಿಯನ್ನೂ ಪರೀಕ್ಷಿಸಿ, ಪ್ರಮಾಣಪತ್ರ ಬರೆದು, ಆಮೇಲೆ ಗಂಟುಮೂಟೆಗೆ ಸೇರಿಸಬೇಕೆಂದು ಹಟ ಹಿಡಿದ. ಹೊಸ ನೋಟ್ ಪುಸ್ತಕ ತಂದು ಮೂರು ಕಾಲಂ ಗೀಚಿದ: ದಿನ, ಆಕಾಶ, ಮಂಡಿ. ಇನ್ನು ಮೇಲೆ ದಿನಾ ಬೆಳಗ್ಗೆ ಏಳು ಗಂಟೆಗೆ, ಮೋಡವಿರಲಿ ಇಲ್ಲದಿರಲಿ, ಪ್ರಶ್ನೆ ಕೇಳುವುದು.

ಮೊದಲ ದಿನ. ಆಕಾಶ: ಸ್ವಚ್ಛ. "ನೋಯ್ತಿದ್ಯೇನೋ?" "ನೋಯ್ತಿದೆ ಭಾವ." ಮಂಡಿ: ನೋವು.

ಎರಡನೆಯ ದಿನ. ಆಕಾಶ: ಸ್ವಚ್ಛ. ಮಂಡಿ: ನೋವು.

ಮೂರು, ನಾಲ್ಕು, ಐದು. ನೆತ್ತಿ ಸುಡುವ ಬಿಸಿಲು. ನೋವು, ನೋವು, ನೋವು.

ಭಾವನ ಹುಬ್ಬು ಗಂಟಿಕ್ಕಿತು. ಇನ್ನೊಬ್ಬನಾಗಿದ್ದರೆ ಇಲ್ಲೇ ನಿಜ ಹೊಳೆದುಬಿಡುತ್ತಿತ್ತು. ಆದರೆ ಭಾವ ವಿದ್ಯಾವಂತ. ಐದನೆಯ ದಿನ ಫೋನು ತೆಗೆದು ನೋಡಿದ: ಪ್ರಯಾಗದಲ್ಲಿ ಮಳೆ! ಹಿಂದಿನ ದಿನ? ಹರಿದ್ವಾರದಲ್ಲಿ. ಅದರ ಹಿಂದಿನ ದಿನ? ಅಯೋಧ್ಯೆ, ಕಾಶಿ ಎರಡರಲ್ಲೂ. ಮಳೆಗಾಲದಲ್ಲಿ ಅಷ್ಟು ಊರುಗಳಲ್ಲಿ ಎಲ್ಲಾದರೂ ಒಂದು ಕಡೆ ಮಳೆ ಬರದೆ ಏನು ಮಾಡೀತು? ಭಾವ ಮಾತ್ರ ಲುಂಗಿಯಲ್ಲೇ ಬೀದಿಗೆ ಓಡಿ ಬಂದ.

"ಹತ್ತಿರದ್ದು ಬಿಟ್ಟಿದೆ! ದೂರದ್ದು ಹಿಡೀತಿದೆ! ಯಾತ್ರೆ ಅಂತ ಗೊತ್ತಾಗಿದೆ ಅದಕ್ಕೆ, ಆಗಲೇ ಅಲ್ಲಿಗೆ ಹೋಗಿ ಕೂತಿದೆ!"

ಆ ವಾರ ಮಾಮನ ಕೀರ್ತಿ ಉತ್ತುಂಗಕ್ಕೇರಿತು. ದೂರದೂರುಗಳಲ್ಲಿ ನೆಂಟರಿದ್ದವರೆಲ್ಲ ಸಾಲಾಗಿ ಬಂದರು. "ನಮ್ಮ ಚಿಕ್ಕಮ್ಮನ ಊರಲ್ಲಿ ಹೇಗಿದೆ ಮಾಮ?" "ನೋಯ್ತಿದೆ." "ನನ್ನ ನಾದಿನಿ ಕಡೆ?" "ನೋಯ್ತಿದೆ." "ಬೀಳಲಿ, ಚೆನ್ನಾಗಿ ಬೀಳಲಿ" ಎಂದು ಆಕೆ ತೃಪ್ತಿಯಿಂದ ಹೋದಳು. ಮಾಮ ಕಾಲರು, ಹೆಗಲು, ತೋಳು, ಬೆನ್ನು ಎಂಬ ತನ್ನ ಕ್ರಮ ತಪ್ಪದೆ ಇಸ್ತ್ರಿ ಎಳೆಯುತ್ತ ಎಲ್ಲರಿಗೂ ಉತ್ತರ ಕೊಟ್ಟ. ಎಡಗಾಲು ಬಾತುಕೊಳ್ಳತೊಡಗಿತ್ತು. ಆ ಕಾಲನ್ನು ಯಾರೂ ಏನೂ ಕೇಳಲಿಲ್ಲ.

ಕೀರ್ತಿ ಒಂಬತ್ತು ದಿನ ಬಾಳಿತು. ಹತ್ತನೆಯ ದಿನ ಲಾಂಡ್ರಿಯ ಯಜಮಾನಿ ಚಂಡಿಯಂತೆ ಭಾವನ ಮನೆಯ ನಡುಕೋಣೆಗೆ ನುಗ್ಗಿದಳು.

"ಏನ್ರೀ ಇದು? ಯಾರೋ ಹೇಳಿದ್ರು ಬಿಸಿಲಲ್ಲೂ ಕೇಳ್ಬೇಕು, ಮಂಡಿಗೆ ಈಗ ಶಕ್ತಿ ಜಾಸ್ತಿ ಅಂತ. ಬೆಳಗ್ಗೆ ಕೇಳಿದೆ. ನೋಯ್ತಿದೆ ಅಂದ. ಮುನ್ನೂರು ಹೊದಿಕೆ ಒಳಗಿಟ್ಟೆ! ಹೊರಗೆ ಹಪ್ಪಳ ಒಣಗೋ ಬಿಸಿಲು! ಎದುರು ಬೀದಿಯವನು ನನ್ನ ನೋಡಿ ನಕ್ಕ ಕಣ್ರೀ. ಹನ್ನೊಂದು ವರ್ಷ ಆದ್ಮೇಲೆ ಅವನು ನಕ್ಕ!"

"ಅದು ಕಾಶೀದು ಅಮ್ಮಾ…"

"ಕಾಶೀಲಿ ನಾನ್ಯಾಕ್ರೀ ಬಟ್ಟೆ ಒಣಗಿಸ್ಲಿ?"

ಭಾವ ಮೆಲ್ಲನೆ ಫೋನು ತೆಗೆದ. ಕಾಶಿ: ಬಿಸಿಲು. ಪ್ರಯಾಗ: ಬಿಸಿಲು. ಅಯೋಧ್ಯೆ: ಬಿಸಿಲು. ಹರಿದ್ವಾರ: ಬಿಸಿಲು. ಮಳೆಗಾಲದಲ್ಲಿ ಇಂಥ ದಿನ ಅಪರೂಪಕ್ಕೊಮ್ಮೆ ಬರುತ್ತದೆ. ಅದು ಅಂದೇ ಬಂದಿತ್ತು. ಭಾವನ ಮುಖ ಬದಲಾಯಿತು. ಅದು ನಿವೃತ್ತ ಯಾತ್ರಿಕನ ಮುಖವಲ್ಲ, ಅಂಗಡಿಯೊಳಗೆ ಕಾಲಿಟ್ಟ ಪರೀಕ್ಷಕನ ಮುಖ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಟ್ಟೆ ಖಾಲಿಯಾಗಿತ್ತು. ಇಲ್ಲಿ ಮೋಡವಿಲ್ಲ, ಅಲ್ಲಿಯೂ ಇಲ್ಲ. ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು.

ಮಾಮನನ್ನು ಲಾಂಡ್ರಿಯಿಂದ ಕರೆಸಿದರು. ಸುತ್ತ ನಾವು ಎಂಟು ಜನ ಮತ್ತು ಯಜಮಾನಿ. ಭಾವ ಅವನ ಪ್ಯಾಂಟನ್ನು ಮಂಡಿಯ ತನಕ ಮಡಿಸಿದ. ಹನ್ನೊಂದು ವರ್ಷ ಬಹುವಚನದಲ್ಲಿ ಕರೆದ ಮಂಡಿಯನ್ನು ನಮ್ಮಲ್ಲಿ ಬಹಳ ಜನ ಅಂದೇ ಮೊದಲು ಕಂಡದ್ದು. ಅದು ಕುಂಬಳಕಾಯಿಯ ಹಾಗೆ ಉಬ್ಬಿ, ಮಿರಿಮಿರಿ ಮಿಂಚುತ್ತಿತ್ತು. ಡ್ರಿಲ್ ಮೇಡಂ ಮುಖ ಆಚೆ ತಿರುಗಿಸಿದಳು.

"ಈಗ ಹೇಳು. ನೋಯ್ತಿದ್ಯಾ?"

"ನೋಯ್ತಿದೆ ಭಾವ."

"ಅವಸರ ಮಾಡ್ಬೇಡ. ಸರಿಯಾಗಿ ನೋಡ್ಕೊಂಡು ಹೇಳು."

ಮಾಮ ಸರಿಯಾಗಿ ನೋಡಿಕೊಂಡ. "ನೋಯ್ತಾನೇ ಇದೆ."

ಭಾವ ಹೆಬ್ಬೆರಳಿನಿಂದ ಮಂಡಿಯ ಮೇಲೆ ಒತ್ತಿದ. ಮಾಮ ಹಲ್ಲು ಕಚ್ಚಿದ. ಕಣ್ಣಲ್ಲಿ ನೀರು ಬಂತು. ಭಾವ ಕೈ ಒರೆಸಿಕೊಂಡು ನೋಟ್ ಪುಸ್ತಕ ಮುಚ್ಚಿದ.

"ಕೆಟ್ಟಿದೆ" ಎಂದ.

ಒಂದು ಮಹಾಯುಗ ಮುಗಿಯಲು ಒಂದೇ ಮಾತು ಸಾಕಾಯಿತು. ಬಾಗಿಲಿನ ಪಟ್ಟಿಯಲ್ಲಿ "ಮಂಡಿ ಒಂದು" ಎಂಬುದನ್ನು ಹೊಡೆದು ಹಾಕಿ, ಭಾವ ಅದರ ಜಾಗದಲ್ಲಿ "ಮಳೆಯಂಗಿ ಎಂಟು" ಎಂದು ಬರೆದ. ಮಾಮನಿಗಿದ್ದ ಸೀಟಿನಲ್ಲಿ ಮಳೆಯಂಗಿಗಳ ಚೀಲ ಕೂರುವುದೆಂದು ತೀರ್ಮಾನವಾಯಿತು. ಚೀಲಕ್ಕೆ ಊಟ ಕೊಡಬೇಕಾಗಿಲ್ಲ ಎಂದು ಕನ್ನಡಕದವನ ಹೆಂಡತಿ ನೆನಪಿಸಿದಳು. ಲಾಂಡ್ರಿಯಲ್ಲಿ ಯಜಮಾನಿ ಹವಾಮಾನ ಹೇಳುವ ಒಂದು ದೊಡ್ಡ ಫೋನು ತಂದು ಕಿಟಕಿಗೆ ಒರಗಿಸಿದಳು. ಅದಕ್ಕೆ ಕೂರಲು ಒಂದು ಎತ್ತರದ ಸ್ಟೂಲೂ ಬಂತು.

ಮಾಮ ಮರುದಿನ ಊಟದ ಬಿಡುವಿನಲ್ಲಿ ಆಸ್ಪತ್ರೆಗೆ ತಾನೇ ಫೋನು ಮಾಡಿದ.

"ಆ ಮಂಗಳವಾರ ಬೇರೆಯವರಿಗೆ ಕೊಟ್ಟಾಯ್ತಲ್ಲ" ಎಂದಳು ಅದೇ ನರ್ಸು. "ಅವತ್ತು ತುಂಬಾ ಚೆನ್ನಾಗಿದೆ ಅಂದ್ರಿ. ಈಗ ಸಾಲಿನ ಕೊನೇಲಿ ಬರ್ಕೊಳ್ಲಾ?"

"ಬರ್ಕೊಳ್ಳಿ."

ಮನೆಯಲ್ಲಿ ಅಕ್ಕನಿಗೆ ತಮ್ಮನ ಮೇಲೆ ಮರುಕ ಹುಟ್ಟಿತು. ಎತ್ತಿಟ್ಟಿದ್ದ ಎಣ್ಣೆಯ ಸೀಸೆ ತಂದು ಕೈಗಿಟ್ಟಳು. "ತಗೋ, ಇನ್ನು ಎಷ್ಟು ಬೇಕಾದ್ರೂ ಹಚ್ಕೋ. ಈಗ ಪರವಾಗಿಲ್ಲ." ಸೀಸೆಯಲ್ಲಿ ಅರ್ಧ ಬೆರಳಿನಷ್ಟು ಉಳಿದಿತ್ತು. ಮಿಕ್ಕಿದ್ದನ್ನು ಅವಳು ಬಾಗಿಲು ಕಿರುಗುಟ್ಟಿದಾಗಲೆಲ್ಲ ತಿರುಗಣೆಗೆ ಬಿಟ್ಟಿದ್ದಳು. ಆ ಮನೆಯ ಬಾಗಿಲುಗಳು ಎಷ್ಟು ಸಲೀಸಾಗಿ ಮಡಚಿಕೊಳ್ಳುತ್ತಿದ್ದವೆಂದರೆ, ನೋಡಿದವರು ಹೊಟ್ಟೆಕಿಚ್ಚು ಪಡಬೇಕು.

ಹೊರಡುವ ಸೋಮವಾರ ಬಂತು. ಎಂಟು ಜನರ ಹದಿನೆಂಟು ದಿನಗಳ ಬಟ್ಟೆ ಇಸ್ತ್ರಿಯಾಗಿ, ಚೀಲಗಳಲ್ಲಿ ಹೊಸ ಪುಸ್ತಕಗಳಂತೆ ಕೂತಿತ್ತು. ಯಾರು ಮಾಡಿದ್ದೆಂದು ಹೇಳಬೇಕಾಗಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಬೀದಿಯ ಕೊನೆಗೆ ವ್ಯಾನು ಬಂದು ನಿಂತಿತು. ಮಾಮ ಒಂದೊಂದೇ ಚೀಲ ಎತ್ತಿ ತಂದು ಹಿಂದುಗಡೆ ಇಟ್ಟ. ಅವನು ಚೀಲ ತರುವಾಗ ನಾವು ನಮ್ಮ ನಮ್ಮ ಸೀಟು ಹಿಡಿಯುವುದರಲ್ಲಿ ಮುಳುಗಿದ್ದೆವು. ಕಿಟಕಿ ಪಕ್ಕದ ಸೀಟಿಗಾಗಿ ಡ್ರಿಲ್ ಮೇಡಂ ಮತ್ತು ಕನ್ನಡಕದವನ ಹೆಂಡತಿಯ ನಡುವೆ ಆಗಲೇ ಧರ್ಮಯುದ್ಧ ಶುರುವಾಗಿತ್ತು. ಕೊನೆಯ ಚೀಲ ಮಳೆಯಂಗಿಗಳದು. ಅದನ್ನು ಮಾಮ ತನ್ನದಾಗಬೇಕಿದ್ದ ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ವಾಲದ ಹಾಗೆ ಬೆಲ್ಟು ಹಾಕಿದ.

ಅಷ್ಟರಲ್ಲಿ ಪಡುವಣದ ಕಡೆಯಿಂದ ಕಪ್ಪು ಮೋಡ ಏರಿ ಬಂತು. ವ್ಯಾನಿನೊಳಗೆ ಎಂಟು ತಲೆಗಳು ಏಕಕಾಲಕ್ಕೆ ಮಾಮನ ಕಡೆ ತಿರುಗಿದವು. ಹನ್ನೊಂದು ವರ್ಷದ ಚಾಳಿ. ಭಾವನ ಬಾಯಿ "ಮಂಡಿಯವ…" ಎಂದು ಅರ್ಧ ತೆರೆದು ಮುಚ್ಚಿಕೊಂಡಿತು. ಆಮೇಲೆ ಅವನು ಕಿಟಕಿಯ ಗಾಜು ಇಳಿಸಿ, ಮೋಸ ಹೋದವನ ದನಿಯಲ್ಲಿ ಕೇಳಿದ:

"ಅಲ್ಲ ಕಣೋ, ಹನ್ನೊಂದು ವರ್ಷ ಒಂದು ದಿನ ತಪ್ಪದೆ ಹೇಳಿದ ಮಂಡಿ. ನಾನು ನಂಬಿ ಹೊರಟ ಹೊತ್ತಿಗೇ ಕೆಡ್ತಲ್ಲ. ಯಾವಾಗಿಂದ ಹೀಗೆ?"

ಮಾಮ ವ್ಯಾನಿನ ಬಾಗಿಲು ಮುಚ್ಚಿ, ಚಿಲಕ ಬಿತ್ತೇ ಎಂದು ಎಳೆದು ನೋಡಿದ.

"ಕೆಟ್ಟಿಲ್ಲ ಭಾವ. ಬಿದ್ದ ದಿನದಿಂದ ದಿನಾ ನೋಯ್ತಿದೆ. ನೀವು ಮೋಡ ಆದಾಗ ಮಾತ್ರ ಕೇಳ್ತಿದ್ರಿ."